ಗುಂಪಿನ ಜೊತೆ ನಡೆಯುತ್ತ ಶರತ್ಕಾಲದ ಕಾಡನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ?

ಪ್ರಶ್ನೆ: ಶರತ್ಕಾಲದಲ್ಲಿ ಎಲೆಗಳು ಬಣ್ಣಕ್ಕೆ ತಿರುಗುವಾಗ ಒಂದು ನಡಿಗೆ ಗುಂಪಿನ ಜೊತೆ ಕಾಡಿಗೆ ಹೋಗುತ್ತೇನೆ. ಹದಿನೈದು, ಇಪ್ಪತ್ತು ಜನ ಇರುತ್ತೇವೆ. ಎದುರಿಗೆ ನಿಂತಾಗ ಕಾಡು ಉರಿಯುತ್ತಿರುವ ಹಾಗೆ ಕಾಣುತ್ತದೆ. ಮನೆಗೆ ಬಂದು ನೋಡಿದರೆ ಫೋಟೋ ಪೂರ್ತಿ ಕಂದು ಬಣ್ಣದ ಗೋಜಲು. ನಿಂತು ನಿಧಾನವಾಗಿ ತೆಗೆಯೋಣ ಅಂದರೆ ಗುಂಪು ಮುಂದೆ ಹೋಗಿಬಿಡುತ್ತದೆ. ಎತ್ತ ತಿರುಗಿದರೂ ಫ್ರೇಮಿನಲ್ಲಿ ಯಾರದೋ ಬ್ಯಾಗು. ನನ್ನ ಹತ್ತಿರ ಒಂದು ಮಿರರ್‌ಲೆಸ್ ಕ್ಯಾಮೆರಾ, 18–55 ಮತ್ತು 55–210 ಮಿ.ಮೀ. ಲೆನ್ಸ್ ಇವೆ. ಟ್ರೈಪಾಡ್ ಒಯ್ಯಬೇಕಾ? ಇಡೀ ಕಾಡು ಹಿಡಿಸುವಂಥ ವೈಡ್ ಲೆನ್ಸ್ ಕೊಳ್ಳಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ದುಡ್ಡಿನ ವಿಷಯ. ವೈಡ್ ಲೆನ್ಸ್ ಬೇಡ. ಅದನ್ನು ಹಾಕಿದರೆ ನಿಮ್ಮ ತೊಂದರೆ ಜಾಸ್ತಿಯೇ ಆಗುತ್ತದೆ. ಲೆನ್ಸ್ ಅಗಲ ಆದಷ್ಟೂ ಫ್ರೇಮಿನೊಳಗೆ ನುಗ್ಗುವವರು ಹೆಚ್ಚು: ಇನ್ನೂ ನಾಲ್ಕು ಕಾಂಡ, ಅಡ್ಡ ಬಂದ ಕೊಂಬೆ, ಎಲೆಗಳ ಸಂದಿಯ ಬಿಳಿ ಆಕಾಶ, ಮತ್ತೆ ಅದೇ ಬ್ಯಾಗು. ದೂರದ್ದನ್ನು ಹತ್ತಿರ ತರುವ ನಿಮ್ಮ 55–210 ಲೆನ್ಸನ್ನೇ ಹಾಕಿಕೊಂಡು ಹೊರಡಿ. 18–55 ಚೀಲದಲ್ಲಿರಲಿ. ಕಾಡಿನ ಫೋಟೋದಲ್ಲಿ ಅರ್ಧ ಕೆಲಸ ಬೇಡದ್ದನ್ನು ಹೊರಗಿಡುವುದು. ಗುಂಪಿನ ಜೊತೆ ಇದ್ದಾಗ ಅದು ಮುಕ್ಕಾಲು ಕೆಲಸ, ಯಾಕೆಂದರೆ ಹೊರಗಿಡಬೇಕಾದವರು ನಡೆದಾಡುತ್ತಿರುತ್ತಾರೆ.

ಗೋಜಲು ಯಾಕೆ ಆಗುತ್ತದೆ ಅಂತ ಸ್ವಲ್ಪ ನೋಡೋಣ. ಕಾಡಿನಲ್ಲಿ ನಿಂತಾಗ ನೀವು ಎರಡು ಕಣ್ಣಿನಿಂದ ನೋಡುತ್ತಿರುತ್ತೀರಿ. ಹತ್ತಿರದ ಮರ ಹತ್ತಿರ, ದೂರದ ಮರ ದೂರ ಅಂತ ಮೆದುಳು ತಾನಾಗೇ ಬಿಡಿಸಿಕೊಳ್ಳುತ್ತದೆ. ತಲೆ ಒಂದಿಷ್ಟು ಅಲುಗಿದರೂ ಮರಗಳು ಒಂದರ ಹಿಂದೆ ಒಂದು ಸರಿಯುತ್ತವೆ, ಆಳ ಗೊತ್ತಾಗುತ್ತದೆ. ಕ್ಯಾಮೆರಾಗೆ ಇರುವುದು ಒಂದೇ ಕಣ್ಣು. ಮೂರು ಮೀಟರ್ ದೂರದ ಕೊಂಬೆ, ಮೂವತ್ತು ಮೀಟರ್ ದೂರದ ಕಾಂಡ ಎರಡೂ ಒಂದೇ ಹಾಳೆಯ ಮೇಲೆ ಬಂದು ಅಂಟಿಕೊಳ್ಳುತ್ತವೆ. ನೀವು ನೋಡಿದ ಕಾಡು ಪದರ ಪದರವಾಗಿತ್ತು, ಫೋಟೋದಲ್ಲಿ ಬಂದಿದ್ದು ಚಪ್ಪಟೆ.

ಹಾಗಾಗಿ ಕ್ಯಾಮೆರಾ ಎತ್ತುವ ಮೊದಲು ಒಂದು ಕಣ್ಣು ಮುಚ್ಚಿ ನೋಡಿ. ಇದು ತಮಾಷೆ ಅನ್ನಿಸಬಹುದು, ಆದರೆ ನನಗೆ ಗೊತ್ತಿರುವ ಉಪಾಯಗಳಲ್ಲಿ ಇಷ್ಟು ಸುಲಭದ್ದು ಇನ್ನೊಂದಿಲ್ಲ. ಒಂದು ಕಣ್ಣು ಮುಚ್ಚಿದ ತಕ್ಷಣ ಚೆಂದದ ದೃಶ್ಯ ಗೋಜಲಾಗಿ ಕಂಡರೆ, ಫೋಟೋದಲ್ಲೂ ಅದು ಗೋಜಲೇ. ಆಗ ಅರ್ಧ ಹೆಜ್ಜೆ ಎಡಕ್ಕೆ ಇಡಿ, ಇಲ್ಲ ಬಲಕ್ಕೆ. ಒಂದರ ಮೇಲೊಂದು ಬಿದ್ದಿದ್ದ ಕಾಂಡಗಳ ನಡುವೆ ಸಂದಿ ಬಿಡುತ್ತದೆ. ನಿಮ್ಮ ಮುಖ್ಯ ಮರದ ಎರಡೂ ಅಂಚು ಸ್ವಚ್ಛವಾಗಿ ಕಾಣಬೇಕು, ಹಿಂದಿನ ಕಾಂಡ ಯಾವುದೂ ಅದಕ್ಕೆ ತಾಗಿಕೊಂಡಿರಬಾರದು. ಕಾಡಿನಲ್ಲಿ ಸಂಯೋಜನೆ ಅಂದರೆ ಬಹುಪಾಲು ಇಷ್ಟೇ.

ಇನ್ನೊಂದು, ಆಕಾಶ. ಕಾಡಿನೊಳಗೆ ಬೆಳಕು ಮಬ್ಬು, ಎಲೆಗಳ ಸಂದಿಯ ಆಕಾಶ ಅದಕ್ಕಿಂತ ಎಷ್ಟೋ ಪಟ್ಟು ಪ್ರಖರ. ಎಕ್ಸ್‌ಪೋಷರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು) ಕಾಡಿಗೆ ಸರಿ ಮಾಡಿದರೆ ಆಕಾಶ ಬಿಳಿ ತೂತುಗಳಾಗಿ ಬರುತ್ತದೆ, ನೋಡುವವರ ಕಣ್ಣು ಸೀದಾ ಆ ತೂತುಗಳಿಗೆ ಹೋಗುತ್ತದೆ. ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಿಸಿ, ಆಕಾಶ ಪೂರ್ತಿ ಕತ್ತರಿಸಿ. ಮರದ ತುದಿ ಕಾಣದಿದ್ದರೆ ಏನೂ ನಷ್ಟ ಇಲ್ಲ. ದಾರಿ ಇಳಿಜಾರಿನಲ್ಲಿದ್ದರೆ ಇನ್ನೂ ಒಳ್ಳೆಯದು. ಮೇಲಿನಿಂದ ಕೆಳಗೆ ನೋಡುತ್ತ ತೆಗೆದರೆ ಹಿನ್ನೆಲೆಯಲ್ಲಿ ಆಕಾಶದ ಬದಲು ಉದುರಿದ ಎಲೆಗಳ ನೆಲ ಬರುತ್ತದೆ.

ಈಗ ನಿಮ್ಮ ನಿಜವಾದ ಸಂಕಟಕ್ಕೆ ಬರುತ್ತೇನೆ: ಗುಂಪು ಮುಂದೆ ಹೋಗಿಬಿಡುವುದು. ಲೆಕ್ಕ ಹಾಕಿ ನೋಡಿ. ಕಾಡುದಾರಿಯಲ್ಲಿ ಗುಂಪು ಗಂಟೆಗೆ 3 ಕಿ.ಮೀ. ನಡೆದರೂ ನಿಮಿಷಕ್ಕೆ 50 ಮೀಟರ್ ಆಯಿತು. ನೀವು ಸಾಲಿನ ಕೊನೆಯಲ್ಲಿದ್ದು ಎರಡು ನಿಮಿಷ ನಿಂತರೆ 100 ಮೀಟರ್ ಹಿಂದೆ ಬಿದ್ದಿರಿ. ದಟ್ಟ ಕಾಡಿನಲ್ಲಿ ಅಷ್ಟು ದೂರ ಹೋದರೆ ಯಾರೂ ಕಾಣುವುದಿಲ್ಲ. ಹಿಡಿಯಲು ಓಡಬೇಕು, ಓಡುವಾಗ ಏನೂ ಕಣ್ಣಿಗೆ ಬೀಳುವುದಿಲ್ಲ, ಮುಟ್ಟಿದ ಮೇಲೆ ಏದುಸಿರಿನಲ್ಲಿ ಕೈ ನಡುಗುತ್ತದೆ. ಫೋಟೋ ತೆಗೆಯುವವರು ಸುಮ್ನೆ ಅಭ್ಯಾಸಬಲದಿಂದ ಸಾಲಿನ ಕೊನೆಗೆ ಸೇರಿಕೊಳ್ಳುತ್ತಾರೆ. ಅದು ಇರುವುದರಲ್ಲೇ ಕೆಟ್ಟ ಜಾಗ.

ಮುಂದೆ ಹೋಗಿ. ಲೀಡರ್ ಹಿಂದೆ ಎರಡನೆಯವರೋ ಮೂರನೆಯವರೋ ಆಗಿ ನಡೆಯಿರಿ. ಇಪ್ಪತ್ತು ಜನ ಎರಡೆರಡು ಮೀಟರ್ ಬಿಟ್ಟು ಒಬ್ಬರ ಹಿಂದೆ ಒಬ್ಬರು ನಡೆದರೆ ಸಾಲಿನ ಉದ್ದ 40 ಮೀಟರ್ ಹತ್ತಿರ. ನೀವು ಮುಂದೆ ನಿಂತುಕೊಂಡರೆ ಕೊನೆಯವರು ನಿಮ್ಮನ್ನು ದಾಟಲು ಮುಕ್ಕಾಲು ನಿಮಿಷ ಬೇಕು. ನಿಜಕ್ಕೂ ಸಾಲು ಇನ್ನೂ ಉದ್ದ ಇರುತ್ತದೆ, ಮಾತಾಡುತ್ತ ಬರುವವರು ಹಿಂದೆ ಉಳಿದಿರುತ್ತಾರೆ. ಅಂದರೆ ಯಾರಿಗೂ ತೊಂದರೆ ಕೊಡದೆ ಒಂದು ನಿಮಿಷ, ಒಂದೂವರೆ ನಿಮಿಷ ನಿಮಗೆ ಸಿಕ್ಕಿತು. ಕೊನೆಯವರು ಬಂದಾಗ ಅವರ ಜೊತೆ ಸೇರಿಕೊಳ್ಳಿ. ಆಮೇಲೆ ಏರಿನಲ್ಲೋ ಗೇಟಿನ ಹತ್ತಿರವೋ ಗುಂಪು ನಿಧಾನ ಆದಾಗ ಮೆಲ್ಲಗೆ ಮತ್ತೆ ಮುಂದಕ್ಕೆ ಹೋಗಿ. ದಿನವಿಡೀ ಇದೇ ಆಟ.

ಹೊರಡುವ ಮೊದಲೇ ಲೀಡರ್‌ಗೂ, ಸಾಲಿನ ಕೊನೆಯಲ್ಲಿ ಎಲ್ಲರನ್ನೂ ನೋಡಿಕೊಂಡು ಬರುವವರಿಗೂ ಒಂದು ಮಾತು ಹೇಳಿಬಿಡಿ: ‘ನಾನು ಆಗಾಗ ಮುಂದೆ ಹೋಗಿ ನಿಲ್ಲುತ್ತೇನೆ, ನಿಮಗಿಂತ ಹಿಂದೆ ಮಾತ್ರ ಉಳಿಯುವುದಿಲ್ಲ’. ಆ ಮಾತು ಉಳಿಸಿಕೊಳ್ಳಿ. ತಲೆ ಎಣಿಸುವಾಗ ಒಬ್ಬರು ಕಡಿಮೆ ಬಂದರೆ ಲೀಡರ್‌ಗೆ ಎಷ್ಟು ಗಾಬರಿ ಆಗುತ್ತದೆ ಅಂತ ಗುಂಪು ನಡೆಸಿದವರಿಗೇ ಗೊತ್ತು. ಲೀಡರ್ ಹತ್ತಿರ ಇನ್ನೊಂದು ವಿಷಯ ಕೇಳಿಕೊಳ್ಳಿ: ಊಟಕ್ಕೆ ಎಲ್ಲಿ ನಿಲ್ಲುತ್ತೀರಿ, ತೊರೆ ದಾಟುವ ಜಾಗ ಇದೆಯಾ, ಹಳೆಯ ದೊಡ್ಡ ಮರಗಳು ಎಲ್ಲಿ ಬರುತ್ತವೆ. ದಾರಿ ಮೊದಲೇ ನಡೆದು ನೋಡಿರುವ ಲೀಡರ್‌ಗೆ ಇದೆಲ್ಲ ಬಾಯಿಪಾಠ.

ಟ್ರೈಪಾಡ್ ಮನೆಯಲ್ಲಿರಲಿ. ಒಬ್ಬರೇ ಹೋದಾಗ ಅದರಷ್ಟು ಒಳ್ಳೆಯ ಸಂಗಾತಿ ಇಲ್ಲ, ಒಪ್ಪುತ್ತೇನೆ. ಆದರೆ ಕಿರಿದಾದ ದಾರಿಯಲ್ಲಿ ಮೂರು ಕಾಲು ಬಿಡಿಸಿ ನಿಂತರೆ ಹಿಂದಿನವರು ಎಡವುತ್ತಾರೆ. ನಿಮಗೆ ಸಿಗುವ ಒಂದು ನಿಮಿಷದಲ್ಲಿ ಅರ್ಧ ಅದನ್ನು ಬಿಡಿಸಿ ಮಡಿಸುವುದಕ್ಕೇ ಹೋಗುತ್ತದೆ. ಈಗಿನ ಕ್ಯಾಮೆರಾಗಳು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, 3200ರಲ್ಲೂ ಚೆನ್ನಾಗಿಯೇ ತೆಗೆಯುತ್ತವೆ. ಕಾಡಿನ ಫೋಟೋದಲ್ಲಿ ಸಣ್ಣ ಕಾಳುಕಾಳು ನಾಯ್ಸ್ ಇದ್ದರೆ ತೊಗಟೆ, ಎಲೆಗಳ ನಡುವೆ ಗೊತ್ತೂ ಆಗುವುದಿಲ್ಲ. ಅಲುಗಿದ ಫೋಟೋ ಮಾತ್ರ ಯಾವ ಸಾಫ್ಟ್‌ವೇರಿನಲ್ಲೂ ಸರಿಯಾಗಿ ರಿಪೇರಿ ಆಗುವುದಿಲ್ಲ. ತೀರಾ ಬೆಳಕು ಕಡಿಮೆ ಅನ್ನಿಸಿದರೆ ಭುಜವನ್ನು ಮರಕ್ಕೆ ಒರಗಿಸಿ, ಉಸಿರು ಬಿಟ್ಟು, ಮೂರು ನಾಲ್ಕು ಶಾಟ್ ಒಟ್ಟಿಗೆ ಹೊಡೆಯಿರಿ. ಅದರಲ್ಲಿ ಒಂದಾದರೂ ಶಾರ್ಪ್ ಆಗಿ ಬಂದಿರುತ್ತದೆ.

ಸೆಟ್ಟಿಂಗ್ ಎಲ್ಲ ನಡಿಗೆ ಶುರುವಾಗುವ ಮೊದಲೇ ಮುಗಿದಿರಬೇಕು. ಅಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿಯ ಅಳತೆ ನೀವು ಇಡುತ್ತೀರಿ, ಉಳಿದದ್ದು ಕ್ಯಾಮೆರಾ ನೋಡಿಕೊಳ್ಳುತ್ತದೆ), ಕಿಂಡಿ ಎಫ್ 8. ಆಟೋ ಐಎಸ್ಒ, ಮೇಲಿನ ಮಿತಿ 6400. ಶಟರ್ ಸ್ಪೀಡ್ 1/250 ಸೆಕೆಂಡಿಗಿಂತ ಕೆಳಗೆ ಇಳಿಯಬಾರದು ಅಂತ ಮೆನುವಿನಲ್ಲಿ ಹೇಳಿಬಿಡಿ. ಲೆನ್ಸಿನಲ್ಲಿ ಸ್ಟೆಬಿಲೈಸೇಷನ್ ಇದ್ದರೆ ನಿಮ್ಮ ಕೈ ನಡುಕ ನಿಲ್ಲುತ್ತದೆ, ಗಾಳಿಗೆ ಆಡುವ ಎಲೆ ನಿಲ್ಲುವುದಿಲ್ಲ. ಆ 1/250 ಎಲೆಗಾಗಿ. ಗಾಳಿ ಇಲ್ಲದ ದಿನ 1/100ಕ್ಕೂ ಇಳಿಸಬಹುದು. ಫೋಕಸ್ ಒಂದೇ ಬಿಂದುವಿನದು ಇಟ್ಟುಕೊಳ್ಳಿ. ಇಲ್ಲದಿದ್ದರೆ ಕ್ಯಾಮೆರಾ ಎದುರಿಗೆ ನೇತಾಡುವ ಯಾವುದೋ ಕಡ್ಡಿಯನ್ನು ಹಿಡಿದು ಕೂರುತ್ತದೆ. ಫೈಲ್ ರಾ ಇರಲಿ, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ಫೈಲ್. ಕ್ಯಾಮೆರಾ ಕೈಯಲ್ಲಿ, ಪಟ್ಟಿ ಕುತ್ತಿಗೆಯಲ್ಲಿ. ಚೀಲದಿಂದ ತೆಗೆದು, ಮುಚ್ಚಳ ಬಿಚ್ಚಿ, ಆನ್ ಮಾಡುವಷ್ಟರಲ್ಲಿ ಇಪ್ಪತ್ತು ಸೆಕೆಂಡ್ ಹೋಗಿರುತ್ತದೆ.

ಆ ಒಂದೂವರೆ ನಿಮಿಷ ಹೇಗೆ ಕಳೆಯಬೇಕು ಅಂತ ಒಂದು ಉದಾಹರಣೆ ಹೇಳುತ್ತೇನೆ. ದಾರಿ ತಿರುಗುವ ಕಡೆ ಒಂದು ಹಳೆಯ ಬೀಚ್ ಮರ ಇದೆ ಅಂದುಕೊಳ್ಳಿ. ಬೂದು ಬಣ್ಣದ ನುಣುಪಾದ ಕಾಂಡ, ಕೆಳಗಿನ ಕೊಂಬೆಗಳಲ್ಲಿ ತಾಮ್ರದ ಬಣ್ಣದ ಎಲೆ. ಅದು ಮೂವತ್ತು ಮೀಟರ್ ದೂರದಲ್ಲಿರುವಾಗಲೇ, ನಡೆಯುತ್ತಲೇ, ನಿಮ್ಮ ಯೋಚನೆ ಶುರುವಾಗಬೇಕು. ಇದರಲ್ಲಿ ನನಗೆ ಬೇಕಾದ್ದು ಏನು? ಇಡೀ ಮರವಾ, ಕಾಂಡ ಮತ್ತು ಒಂದು ಕೊಂಬೆಯಾ? ಕೊಂಬೆ ಸಾಕು ಅಂತ ತೀರ್ಮಾನ ಆಯಿತು ಅನ್ನೋಣ. ಬೆಳಕು ಆ ಕಡೆಯಿಂದ ಬರುತ್ತಿದೆ, ಎಲೆ ಹೊಳೆಯುತ್ತಿದೆ, ಹಾಗಾದರೆ ಈ ಕಡೆಯಿಂದಲೇ ತೆಗೆಯಬೇಕು. ದಾರಿಯ ಬದಿಗೆ ಸರಿದು ನಿಂತಿರಿ. ಒಂದು ಕಣ್ಣು ಮುಚ್ಚಿದಿರಿ. ಕೊಂಬೆಯ ಹಿಂದೆ ಒಂದು ತೆಳು ಕಾಂಡ ಅಡ್ಡ ಬಂದಿದೆ, ಅರ್ಧ ಹೆಜ್ಜೆ ಬಲಕ್ಕೆ. ಈಗ ಕೊಂಬೆಯ ಹಿಂದೆ ನೆರಳಿನ ಕಪ್ಪು ಮಾತ್ರ. ಲೆನ್ಸ್ 100 ಮಿ.ಮೀ. ಹತ್ತಿರ. ಎಫ್ 8ರಲ್ಲಿ ಹತ್ತು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ ನಿಮ್ಮ ಕ್ಯಾಮೆರಾದಲ್ಲಿ ಸುಮಾರು ಮೂರು ಮೀಟರ್ ಆಳ ಶಾರ್ಪ್ ಬರುತ್ತದೆ. ಕೊಂಬೆಗೆ ಅದು ಧಾರಾಳ, ಹಿಂದಿನದು ಮೆತ್ತಗೆ ಕರಗಿಹೋಗಲಿ. ಒಂದು ಶಾಟ್. ಹಿಸ್ಟೋಗ್ರಾಮ್ (ಬಲಗಡೆಗೆ ಹೋದಷ್ಟೂ ಬೆಳಕು ಹೆಚ್ಚು ಅಂತ ತೋರಿಸುವ ನಕ್ಷೆ) ಮೇಲೆ ಒಂದು ನೋಟ. ಫ್ರೇಮಿನ ನಾಲ್ಕು ಅಂಚಿನ ಸುತ್ತ ಒಂದು ನೋಟ: ಎಡಗಡೆ ಮೂಲೆಯಲ್ಲಿ ಯಾರದೋ ನೀಲಿ ಜಾಕೆಟ್ ತೋಳು ಇಣುಕುತ್ತಿದೆ. ಅವರು ಎರಡು ಹೆಜ್ಜೆ ಮುಂದೆ ಹೋಗುವವರೆಗೆ ಕಾಯಿರಿ. ಮತ್ತೆ ಎರಡು ಶಾಟ್, ಸ್ವಲ್ಪ ಬಿಗಿ ಮಾಡಿ ಇನ್ನೊಂದು. ಹೊರಡಿ. ನಿಂತದ್ದು ಒಂದು ನಿಮಿಷ, ಯೋಚನೆ ಮಾಡಿದ್ದೆಲ್ಲ ನಡೆಯುವಾಗ. ಗುಂಪಿನಲ್ಲಿ ತೆಗೆಯುವವರು ಕಲಿಯಬೇಕಾದ ಮುಖ್ಯ ವಿದ್ಯೆ ಇದೇ: ನಿಲ್ಲುವ ಮೊದಲೇ ತೀರ್ಮಾನ ಆಗಿರಬೇಕು. ಸಿಕ್ಕಸಿಕ್ಕ ಕಡೆ ನಿಂತು ಆಮೇಲೆ ಹುಡುಕುವವರಿಗೆ ಎಷ್ಟು ಹೊತ್ತು ಕೊಟ್ಟರೂ ಸಾಲುವುದಿಲ್ಲ. ದಿನಕ್ಕೆ ಐದಾರು ಕಡೆ ಹೀಗೆ ನಿಂತರೆ ಸಾಕು, ಉಳಿದ ಹೊತ್ತು ಸುಮ್ನೆ ನಡೆಯಿರಿ.

ಬೆಳಕಿನ ವಿಷಯ. ಫೋಟೋಗೆ ಬೆಳಗಿನ ಜಾವ ಅಥವಾ ಸಂಜೆಯೇ ಆಗಬೇಕು, ಗುಂಪು ಹೊರಡುವುದೇ ಹತ್ತು ಗಂಟೆಗೆ ಅಂತ ಕೊರಗುವವರಿದ್ದಾರೆ. ಬೇಸಿಗೆಯಲ್ಲಾದರೆ ಆ ಕೊರಗು ಸರಿ. ಶರತ್ಕಾಲದಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಜೂನ್ ಕೊನೆಯ ನಡುಮಧ್ಯಾಹ್ನ ಸೂರ್ಯ ಸುಮಾರು 63 ಡಿಗ್ರಿ ಎತ್ತರದಲ್ಲಿರುತ್ತಾನೆ. ಸೆಪ್ಟೆಂಬರ್ ಕೊನೆಗೆ ಅದು 37ರ ಹತ್ತಿರಕ್ಕೆ ಇಳಿಯುತ್ತದೆ, ಅಕ್ಟೋಬರ್ ಕೊನೆಗೆ 26ರ ಆಸುಪಾಸು. ಅಂದರೆ ನಟ್ಟನಡು ಮಧ್ಯಾಹ್ನವೂ ಬೆಳಕು ಓರೆಯಾಗಿ, ಕಾಂಡಗಳ ಸಂದಿಯಿಂದ ಬರುತ್ತದೆ. ನೀವು ನಡೆಯುವ ಹೊತ್ತೇ ಒಳ್ಳೆಯ ಹೊತ್ತು.

ಬಿಸಿಲಿದ್ದರೆ ಸೂರ್ಯನ ಕಡೆ ಮುಖ ಮಾಡಿ. ಹಿಂದಿನಿಂದ ಬೆಳಕು ಬಿದ್ದ ಎಲೆಯ ಬಣ್ಣವೇ ಬೇರೆ, ಬೆಳಕು ಎಲೆಯೊಳಗಿಂದ ಹಾದು ಬರುತ್ತದೆ, ನರಗಳೂ ಕಾಣುತ್ತವೆ. ಸೂರ್ಯ ಮಾತ್ರ ಕಾಂಡದ ಹಿಂದೆ ಅಡಗಿರಲಿ, ಲೆನ್ಸಿಗೆ ನೇರ ಬಡಿಯಬಾರದು. ಬಿಸಿಲು ನಿಮ್ಮ ಬೆನ್ನ ಹಿಂದೆ ಇದ್ದಾಗ ಕಾಡು ಚಪ್ಪಟೆಯಾಗಿ, ಕಲೆಕಲೆಯಾಗಿ ಬರುತ್ತದೆ. ಮೋಡ ಇದ್ದರೆ ಬೇಸರ ಪಡಬೇಡಿ. ಮೋಡದ ದಿನ ನೆರಳು, ಬೆಳಕಿನ ಜಗಳ ಇಲ್ಲ, ಕಾಡಿನ ಒಳಗಿನ ದೃಶ್ಯಗಳಿಗೆ ಅದೇ ಸುಲಭ. ಮಳೆ ಬಂದು ನಿಂತ ಮೇಲಂತೂ ಕಾಂಡಗಳು ಕಪ್ಪಾಗಿರುತ್ತವೆ, ಎಲೆಗಳ ಬಣ್ಣ ಗಾಢ ಆಗಿರುತ್ತದೆ. ಮಂಜು ಬಿದ್ದ ದಿನ ಸಿಕ್ಕಿದರೆ ಅದೃಷ್ಟ. ಹಿಂದಿನ ಮರಗಳೆಲ್ಲ ಒಂದೊಂದೇ ಪದರವಾಗಿ ಮಸುಕಾಗುತ್ತ ಹೋಗುತ್ತವೆ. ಒಂದು ಕಣ್ಣು ಮುಚ್ಚಿ ನೀವು ಹುಡುಕಬೇಕಿದ್ದ ಆಳವನ್ನು ಮಂಜೇ ಬಿಡಿಸಿ ಕೊಡುತ್ತದೆ. ಮಂಜಿನಲ್ಲಿ ಕ್ಯಾಮೆರಾ ಫೋಟೋವನ್ನು ಮಬ್ಬು ಮಾಡುತ್ತದೆ, ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು).

ಇನ್ನು ಬಣ್ಣ. ಕಣ್ಣಿಗೆ ಕಂಡ ಕೆಂಪು, ಚಿನ್ನದ ಬಣ್ಣ ಫೋಟೋದಲ್ಲಿ ಕಂದಾಗುವುದಕ್ಕೆ ಮೂರು ಕಾರಣ ನನಗೆ ಪದೇಪದೇ ಕಾಣುತ್ತವೆ. ಮೊದಲನೆಯದು ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ಸರಿದೂಗಿಸುವುದು. ಇಡೀ ಫ್ರೇಮ್ ಹಳದಿ ಕೆಂಪಿನಿಂದ ತುಂಬಿದ್ದರೆ, ಬೆಳಕೇ ಹಳದಿ ಇದೆ ಅಂತ ಕ್ಯಾಮೆರಾ ತಪ್ಪು ತಿಳಿದು ನೀಲಿ ಬೆರೆಸುತ್ತದೆ. ಬಣ್ಣ ಸತ್ತುಹೋಗುತ್ತದೆ. ಅದನ್ನು ಬಿಸಿಲಿನ ಗುರುತಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಇಟ್ಟು ಮರೆತುಬಿಡಿ. ಮೋಡ ಇದ್ದರೆ ಮೋಡದ ಗುರುತು. ಎರಡನೆಯದು ಎಕ್ಸ್‌ಪೋಷರ್. ಕಾಡಿನ ನೆರಳು ನೋಡಿ ಕ್ಯಾಮೆರಾ ಜಾಸ್ತಿ ಬೆಳಕು ತೆಗೆದುಕೊಳ್ಳುತ್ತದೆ, ಹೊಳೆಯುವ ಎಲೆಗಳು ಸುಟ್ಟು ಹೋಗುತ್ತವೆ. ಕೆಂಪು ಎಲೆಯಲ್ಲಿ ಇದು ಮೋಸ ಮಾಡುತ್ತದೆ: ಒಟ್ಟಾರೆ ಹಿಸ್ಟೋಗ್ರಾಮ್ ಸರಿಯಾಗಿಯೇ ಕಾಣುತ್ತದೆ, ಕೆಂಪು ಚಾನೆಲ್ ಮಾತ್ರ ಬಲಗಡೆ ಗೋಡೆಗೆ ಗುದ್ದಿರುತ್ತದೆ. ಆಗ ಎಲೆಯ ನರ, ನೆರಿಗೆ ಎಲ್ಲ ಮಾಯ, ಕೆಂಪು ಬಣ್ಣ ಬಳಿದ ಹಾಗೆ ಕಾಣುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ಬೇರೆಬೇರೆ ತೋರಿಸುವ ಹಾಗೆ ಇಟ್ಟುಕೊಳ್ಳಿ. ಹಿಂಬೆಳಕಿನ ಎಲೆಗೆ ಎಕ್ಸ್‌ಪೋಷರ್ ಮುಕ್ಕಾಲು ಅಥವಾ ಒಂದು ಸ್ಟಾಪ್ ಇಳಿಸಿ.

ಮೂರನೆಯ ಕಾರಣ ಹೊಳಪು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಲೆಯ ಮೇಲೆ ಒಂದು ತೆಳು ಮೇಣದ ಪದರ ಇರುತ್ತದೆ, ಮಳೆ ಬಂದಿದ್ದರೆ ನೀರಿನ ಪದರವೂ ಸೇರಿತು. ಅದು ಆಕಾಶವನ್ನು ಪ್ರತಿಫಲಿಸುತ್ತದೆ. ಒಂದೊಂದು ಎಲೆಯ ಮೇಲೂ ಒಂದೊಂದು ಬೂದು ಬಿಳಿ ಚುಕ್ಕೆ. ಸಾವಿರಾರು ಎಲೆಗಳ ಚುಕ್ಕೆ ಸೇರಿ ಇಡೀ ಮರದ ಬಣ್ಣವನ್ನೇ ತೊಳೆದುಬಿಡುತ್ತದೆ. ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ: ಒಂದು ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್. ಲೆನ್ಸಿಗೆ ಅದನ್ನು ಹಾಕಿ, ಒದ್ದೆಯಾಗಿ ಬಿದ್ದ ಒಂದು ಮೇಪಲ್ ಎಲೆಯನ್ನು ಓರೆಯಾಗಿ ನೋಡುತ್ತ ಮೆಲ್ಲಗೆ ತಿರುಗಿಸಿ. ಮೊದಲು ಎಲೆಯ ಅರ್ಧ ಭಾಗ ಸ್ಟೀಲಿನಂತೆ ಹೊಳೆಯುತ್ತಿರುತ್ತದೆ. ಕಾಲು ಸುತ್ತು ತಿರುಗುವಷ್ಟರಲ್ಲಿ ಆ ಹೊಳಪು ಇಳಿದು, ಅಡಿಯಿಂದ ಕೆಂಪು ಮೇಲೆ ಬರುತ್ತದೆ, ಅಂಚಿನ ಹಳದಿ, ನಡುವಿನ ಕಪ್ಪು ಚುಕ್ಕೆಗಳು ಎಲ್ಲ ಕಾಣತೊಡಗುತ್ತವೆ. ಈ ಪರಿಣಾಮವನ್ನು ಆಮೇಲೆ ಕಂಪ್ಯೂಟರಿನಲ್ಲಿ ತರುವುದು ಕಷ್ಟ, ಹೊಳಪಿನ ಕೆಳಗೆ ಏನಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಪೋಲರೈಸರ್ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಐಎಸ್ಒ ಅಷ್ಟು ಏರುತ್ತದೆ, ಏರಲಿ. ತೀರಾ ಪೂರ್ತಿ ಹೊಳಪು ತೆಗೆಯಬೇಡಿ. ನೀರಿನ ಮೇಲೆ, ಒದ್ದೆ ಕಲ್ಲಿನ ಮೇಲೆ ಸ್ವಲ್ಪ ಹೊಳಪು ಇದ್ದರೇ ಅದು ಒದ್ದೆ ಅಂತ ತಿಳಿಯುವುದು. ಕೊಳ್ಳುವಾಗ ಲೆನ್ಸಿನ ಮುಂದಿನ ವ್ಯಾಸ ಎಷ್ಟು ಮಿ.ಮೀ. ಅಂತ ನೋಡಿಕೊಳ್ಳಿ, ಅದನ್ನು ಲೆನ್ಸಿನ ಮೇಲೇ ಬರೆದಿರುತ್ತಾರೆ. ಎರಡು ಲೆನ್ಸಿನ ಅಳತೆ ಬೇರೆ ಇದ್ದರೆ ದೊಡ್ಡದಕ್ಕೆ ಫಿಲ್ಟರ್ ಕೊಂಡು ಚಿಕ್ಕದಕ್ಕೆ ಒಂದು ಅಡಾಪ್ಟರ್ ರಿಂಗ್ ಹಾಕಿಕೊಳ್ಳಿ.

ಯಾವ ವಾರ ಹೋಗಬೇಕು ಅನ್ನುವುದು ಗುಂಪಿನ ಕ್ಯಾಲೆಂಡರ್ ಕೈಯಲ್ಲಿರುತ್ತದೆ. ಆದರೂ ಮರಗಳ ಸರದಿ ಗೊತ್ತಿದ್ದರೆ ಅವತ್ತು ಏನು ಹುಡುಕಬೇಕು ಅಂತ ತಿಳಿಯುತ್ತದೆ. ಹಗಲು ಚಿಕ್ಕದಾಗುತ್ತ ಬಂದಾಗ ಮರ ಹಸಿರು ಕ್ಲೋರೊಫಿಲ್ ತಯಾರಿಸುವುದನ್ನು ನಿಲ್ಲಿಸುತ್ತದೆ. ಹಳದಿ ಮತ್ತು ಕಿತ್ತಳೆ ಬಣ್ಣ ಎಲೆಯಲ್ಲಿ ಮೊದಲಿನಿಂದ ಇದ್ದದ್ದೇ, ಹಸಿರು ಹೋದ ಮೇಲೆ ಕಾಣಿಸುತ್ತದೆ. ಕೆಂಪಿನ ಕಥೆ ಬೇರೆ, ಅದನ್ನು ಎಲೆ ಆಗ ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಜಾಸ್ತಿ. ಬರ್ಚ್ ಬೇಗ ಹಳದಿ ಆಗುತ್ತದೆ. ಓಕ್ ತಡ, ಕಂದು ಬಣ್ಣದಲ್ಲೇ ಬಹಳ ದಿನ ನಿಲ್ಲುತ್ತದೆ. ಲಾರ್ಚ್ ಸೂಜಿ ಎಲೆಯ ಮರವಾದರೂ ಬಂಗಾರದ ಬಣ್ಣಕ್ಕೆ ತಿರುಗಿ ಎಲೆ ಉದುರಿಸುತ್ತದೆ. ಆಲ್ಡರ್ ಮರಕ್ಕೆ ಈ ಸಡಗರ ಬೇಡ, ಹಸಿರು ಇದ್ದಾಗಲೇ ಎಲೆ ಉದುರಿಸಿ ಕೈ ತೊಳೆದುಕೊಳ್ಳುತ್ತದೆ. ತಡವಾಗಿ ಹೋದಿರಿ, ಎಲ್ಲ ಉದುರಿಹೋಗಿದೆ ಅನ್ನಿಸಿದರೆ ಮೇಲೆ ನೋಡಬೇಡಿ. ಗಾಳಿಗೆ ಸಿಕ್ಕುವ ಮೇಲಿನ ಕೊಂಬೆಗಳು ಬೋಳಾದರೂ ಕೆಳಗಿನ ಎಳೆಯ ಬೀಚ್ ಗಿಡಗಳು ಒಣಗಿದ ತಾಮ್ರದ ಎಲೆಗಳನ್ನು ಚಳಿಗಾಲವಿಡೀ ಹಿಡಿದುಕೊಂಡಿರುತ್ತವೆ. ಬೋಳು ಕಪ್ಪು ಕಾಂಡಗಳ ನಡುವೆ ಅಂಥ ಒಂದೇ ಗಿಡ ನಿಂತಿದ್ದರೆ, ಎಲ್ಲ ಮರವೂ ಉರಿಯುತ್ತಿದ್ದ ವಾರಕ್ಕಿಂತ ಒಳ್ಳೆಯ ಫೋಟೋ ಸಿಗುತ್ತದೆ. ನನ್ನನ್ನು ಕೇಳಿದರೆ ನಾನು ಆ ತಡವಾದ ವಾರವನ್ನೇ ಆರಿಸಿಕೊಳ್ಳುತ್ತೇನೆ.

ಜನರನ್ನು ಯಾವಾಗಲೂ ಹೊರಗೇ ಇಡಬೇಕು ಅಂತಿಲ್ಲ. ದೊಡ್ಡ ಮರಗಳ ನಡುವೆ ದೂರದಲ್ಲಿ ಒಬ್ಬರು ಚಿಕ್ಕದಾಗಿ ನಡೆಯುತ್ತಿದ್ದರೆ ಮರದ ಗಾತ್ರ ತಿಳಿಯುತ್ತದೆ. ಒಬ್ಬರು ಅಥವಾ ಒಟ್ಟಿಗೆ ನಡೆಯುವ ಇಬ್ಬರು ಸಾಕು. ಆರು ಜನ ಒಬ್ಬರ ಮೇಲೊಬ್ಬರು ಕಂಡರೆ ಗುಡ್ಡೆ ಆಗುತ್ತದೆ. ನಡೆಯುವವರ ಕಾಲು ಬಿಡಿಸಿದ ಕ್ಷಣಕ್ಕೆ ಒತ್ತಿ, ಎರಡು ಕಾಲು ಕೂಡಿದ ಕ್ಷಣದಲ್ಲಿ ತೆಗೆದರೆ ಕಂಬದ ಹಾಗೆ ಕಾಣುತ್ತಾರೆ. ಹಳದಿ ಕಾಡಿನಲ್ಲಿ ನೀಲಿ ಜಾಕೆಟ್ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಅದು ಬೇಕಿದ್ದರೆ ಒಳ್ಳೆಯದು, ಬೇಡದಿದ್ದರೆ ದಾಟಿಹೋಗಲಿ. ನೀವು ಮುಂದಿನಿಂದ ತೆಗೆಯುತ್ತಿರುವುದರಿಂದ ಇನ್ನೊಂದು ಲಾಭ ಇದೆ: ಬ್ಯಾಗುಗಳ ಬದಲು ಮುಖಗಳು ಸಿಗುತ್ತವೆ. ಮುಖ ಗುರುತಾಗುವ ಹಾಗಿದ್ದರೆ ಕೇಳಿ ತೆಗೆಯಿರಿ. ಮಕ್ಕಳಿದ್ದರೆ ಅಪ್ಪ ಅಮ್ಮನನ್ನು ಕೇಳದೆ ತೆಗೆಯಲೇಬೇಡಿ. ಆಮೇಲೆ ಫೋಟೋ ಕಳಿಸಿಕೊಟ್ಟರೆ ಮುಂದಿನ ಸಲ ನಿಮಗಾಗಿ ಅವರೇ ಅರ್ಧ ನಿಮಿಷ ಕಾಯುತ್ತಾರೆ.

ಊಟಕ್ಕೆ ಕೂತಾಗ ನೀವು ಬೇಗ ಮುಗಿಸಿ ಎದ್ದುಬಿಡಿ. ಇಡೀ ದಿನದಲ್ಲಿ ಒಟ್ಟಿಗೆ ಹದಿನೈದು ನಿಮಿಷ ಸಿಗುವುದು ಆಗ ಮಾತ್ರ. ದೂರ ಹೋಗಬೇಡಿ, ಕೂತ ಜಾಗದ ಸುತ್ತಲೇ ನೆಲ ನೋಡಿ. ಬಿದ್ದ ಮರದ ಮೇಲಿನ ಅಣಬೆ, ಪಾಚಿಯ ಮೇಲೆ ಸಿಕ್ಕಿಕೊಂಡ ಒಂದು ಎಲೆ, ತೊರೆಯ ಸುಳಿಯಲ್ಲಿ ಗುಂಪಾದ ಎಲೆಗಳು. 18–55 ಹೊರಗೆ ಬರುವುದು ಈಗಲೇ. ಅಣಬೆಯನ್ನು ಕಾಲ ಮೇಲೆ ನಿಂತು ತೆಗೆದರೆ ತಟ್ಟೆಯಂತೆ ಕಾಣುತ್ತದೆ. ಮೊಣಕಾಲೂರಿ, ಕ್ಯಾಮೆರಾ ಅದರ ಮಟ್ಟಕ್ಕೆ ಇಳಿಸಿ, ಪರದೆ ಮೇಲಕ್ಕೆ ಮಡಿಸಿ ನೋಡಿ. ಒಳ್ಳೆಯ ಕೋನಕ್ಕಾಗಿ ಅಣಬೆ ಕೀಳುವುದು, ಕೊಂಬೆ ಮುರಿಯುವುದು, ಪಾಚಿ ತುಳಿಯುವುದು ಬೇಡ. ದಾರಿ ಬಿಟ್ಟು ಹುಲ್ಲು, ಪೊದೆಗೆ ಇಳಿದರೆ ರಕ್ತ ಹೀರುವ ಉಣ್ಣೆ ಹುಳ ಹತ್ತಬಹುದು. ಉದ್ದ ಪ್ಯಾಂಟ್ ಹಾಕಿ, ಮನೆಗೆ ಹೋದ ಮೇಲೆ ಮೈ ನೋಡಿಕೊಳ್ಳಿ. ಒದ್ದೆ ಎಲೆಯ ಮೇಲೆ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ನಡೆಯುವುದಂತೂ ಬೇಡವೇ ಬೇಡ.

ಗುಂಪಿನಲ್ಲಿ ಫೋನಿನಿಂದಲೇ ತೆಗೆಯುವ ಗೆಳೆಯರಿಗೂ ಎರಡು ಮಾತು. ಅಲ್ಟ್ರಾ ವೈಡ್ ಬೇಡ, ಎರಡು ಅಥವಾ ಮೂರು ಪಟ್ಟು ಝೂಮ್ ಲೆನ್ಸ್ ಇದ್ದರೆ ಅದನ್ನು ಬಳಸಿ. ಎಲೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕು ಸ್ವಲ್ಪ ಕೆಳಗೆ ಎಳೆಯಿರಿ. ಫೋನುಗಳು ನೆರಳನ್ನೆಲ್ಲ ಬೆಳಗಿಸಿ ಕಾಡನ್ನು ಚಪ್ಪಟೆ ಮಾಡುತ್ತವೆ, ಇದರಿಂದ ಅದು ಸ್ವಲ್ಪ ಸರಿಹೋಗುತ್ತದೆ. ಲೆನ್ಸ್ ಒರೆಸಿಕೊಳ್ಳಿ, ಜೇಬಿನ ಧೂಳು, ಬೆರಳಿನ ಎಣ್ಣೆ ಎಲ್ಲ ಹಿಂಬೆಳಕಿನಲ್ಲಿ ಎದ್ದು ಕಾಣುತ್ತದೆ.

ಮನೆಗೆ ಬಂದ ಮೇಲೆ ಎಲ್ಲರೂ ಮೊದಲು ಕೈ ಹಾಕುವುದು ಬಣ್ಣ ಗಾಢ ಮಾಡುವ ಸ್ಯಾಚುರೇಷನ್‌ಗೆ. ಅದನ್ನು ಮುಟ್ಟುವ ಮೊದಲು ವೈಟ್ ಬ್ಯಾಲೆನ್ಸ್ ಸರಿ ಮಾಡಿ, ಹೈಲೈಟ್ (ತೀರಾ ಬೆಳಗಿದ ಭಾಗ) ಇಳಿಸಿ, ಕಪ್ಪನ್ನು ಸ್ವಲ್ಪ ಗಟ್ಟಿ ಮಾಡಿ. ಬಹಳ ಸಲ ಇಷ್ಟಕ್ಕೇ ಬಣ್ಣ ಬಂದುಬಿಡುತ್ತದೆ. ಆಮೇಲೂ ಬೇಕು ಅನ್ನಿಸಿದರೆ ಹಳದಿ, ಕಿತ್ತಳೆ ಹೆಚ್ಚಿಸುವ ಬದಲು ಹಸಿರನ್ನು ಒಂದಿಷ್ಟು ಕುಗ್ಗಿಸಿ ನೋಡಿ. ಪಕ್ಕದ ಹಸಿರು ತಣ್ಣಗಾದರೆ ಹಳದಿ ತಾನಾಗೇ ಎದ್ದು ಕಾಣುತ್ತದೆ. ಎಷ್ಟು ಸಾಕು ಅಂತ ತಿಳಿಯಲು ಎಲೆ ನೋಡಬೇಡಿ, ಕಾಂಡ ನೋಡಿ. ಬೀಚ್ ಕಾಂಡ ಬೂದಾಗಿ, ಬರ್ಚ್ ಕಾಂಡ ಬಿಳಿಯಾಗಿ ಉಳಿದಿರಬೇಕು. ಅವು ಹಳದಿಗೆ ತಿರುಗಿದ್ದರೆ ಜಾಸ್ತಿ ಆಗಿದೆ, ಸ್ಲೈಡರ್ ಅರ್ಧಕ್ಕೆ ಹಿಂದಕ್ಕೆ ತನ್ನಿ.